ಅರ್ಧ ಬ್ಲೇಡು ಕಲಿಸುವ ಆರೋಗ್ಯ ಪಾಠ

ತೆಂಗಿನ ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಬರೀ ಹಳೆಯ ಸಾಮಾನು ಒಟ್ಟುವ ಜಾಗವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರು ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಕಾಯುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ.

ಇಷ್ಟು ಕಾಲ ಇಟ್ಟರೂ ಕಾಯಿ ಕೊಳೆಯುವುದಿಲ್ಲವೇಕೆ? ಕಾರಣಗಳು ಎರಡು. ಮೊದಲನೆಯದು ಚಿಪ್ಪು. ಅದು ಗಟ್ಟಿಯಾಗಿರುವವರೆಗೆ ಹೊರಗಿನ ಸೂಕ್ಷ್ಮಜೀವಿಗಳಿಗೆ ಒಳಗೆ ಪ್ರವೇಶವಿಲ್ಲ. ಎರಡನೆಯದು ಒಣಗುವಿಕೆ. ಒಳ್ಳೆಯ ಕೊಬ್ಬರಿಯಲ್ಲಿ ತೇವಾಂಶ ಶೇಕಡಾ 6–7ರಷ್ಟು ಮಾತ್ರ. ನೀರಿಲ್ಲದೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಎಲ್ಲೋ ಒಂದು ಎಳೆ ಬಿರುಕು ಬಿಟ್ಟ ಕಾಯಿ, ಅಥವಾ ಮಳೆಯ ಹನಿ ತಾಕಿ ಒದ್ದೆಯಾದ ಕೊಬ್ಬರಿ ಮಾತ್ರ ಬೂಷ್ಟು ಹಿಡಿದು ಕೆಡುತ್ತದೆ. ಮಂಡಿಯಲ್ಲಿ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ.

ಈ ಎರಡು ಸಂಗತಿ ಗೊತ್ತಿದ್ದವರಿಗೆ ಕ್ಷೌರದಂಗಡಿಯ ಆರೋಗ್ಯಶಾಸ್ತ್ರ ಅರ್ಧ ಗೊತ್ತಿದ್ದಂತೆಯೇ. ಅಲ್ಲಿಯೂ ರೋಗ ಹರಡುವುದಕ್ಕೆ ಬೇಕಾದದ್ದು ಒಂದು ಬಿರುಕು ಮತ್ತು ಒಂದಿಷ್ಟು ತೇವ. ಉಳಿದ ಅರ್ಧ ಪಾಠ ಸ್ವಲ್ಪ ಬೇರೆ. ಅದನ್ನು ಕಲಿಸುವುದು ಕ್ಷೌರಿಕರು ಕಾಗದದ ಹೊದಿಕೆಯೊಳಗೇ ಲಟಕ್ಕನೆ ಮುರಿಯುವ ಅರ್ಧ ಬ್ಲೇಡು.

ಚರ್ಮವೆಂಬ ಚಿಪ್ಪು

ಮನುಷ್ಯನ ಚರ್ಮದ ಹೊರಪದರ ಸತ್ತ ಜೀವಕೋಶಗಳಿಂದಾದದ್ದು. ಅದು ಒಣಗಿರುತ್ತದೆ, ತುಸು ಆಮ್ಲೀಯವಾಗಿರುತ್ತದೆ, ಸದಾ ಉದುರುತ್ತಿರುತ್ತದೆ. ಅದರ ಮೇಲೆ ಕೋಟ್ಯಂತರ ಬ್ಯಾಕ್ಟೀರಿಯಗಳು ವಾಸವಾಗಿವೆ. ಹೆಚ್ಚಿನವು ನಿರುಪದ್ರವಿಗಳು. ಅಷ್ಟೇ ಅಲ್ಲ, ಜಾಗ ಹಿಡಿದು ಕುಳಿತು ಬೇರೆ ರೋಗಾಣುಗಳಿಗೆ ಎಡೆಗೊಡದ ಉಪಕಾರಿಗಳು ಸಹ.

ಇವುಗಳ ನಡುವೆ ಕೆಲವರಲ್ಲಿ ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯವೂ ಇರುತ್ತದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ರೋಗಿಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ಕಂಡದ್ದು ಇಂಥವೇ ಬ್ಯಾಕ್ಟೀರಿಯಗಳು. ಗ್ರೀಕ್ ಭಾಷೆಯ ‘ದ್ರಾಕ್ಷಿ ಗೊಂಚಲು’ ಎಂಬ ಪದದಿಂದಲೇ ಅವಕ್ಕೆ ಸ್ಟಾಫಿಲೊಕಾಕಸ್ ಎಂಬ ಹೆಸರು ಬಂತು. ಒಂದೊಂದರ ಗಾತ್ರ ಸುಮಾರು ಒಂದು ಮೈಕ್ರೊಮೀಟರ್. ಅಂದರೆ ಸಾವಿರ ಬ್ಯಾಕ್ಟೀರಿಯಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು.

ಆರೋಗ್ಯವಂತರಲ್ಲೂ ಸುಮಾರು ಮೂವರಿಗೊಬ್ಬರ ಮೂಗಿನೊಳಗೆ ಇದು ಸುಮ್ಮನೆ ಇರುತ್ತದೆ. ಚರ್ಮ ಗಟ್ಟಿಯಾಗಿದ್ದರೆ ತೊಂದರೆಯಿಲ್ಲ. ಕತ್ತಿ ತಾಕಿ ಚರ್ಮ ಗೀರಿದಾಗ, ಕೂದಲು ಕಿತ್ತು ಅದರ ಬುಡದ ಕುಳಿ ತೆರೆದಾಗ ಒಳಗೆ ಇಳಿಯುತ್ತದೆ. ಆಗ ಗುಳ್ಳೆ, ಕುರು, ಕೀವು. ಗಡ್ಡದ ಜಾಗದಲ್ಲಿ ಕೂದಲಿನ ಬುಡಕ್ಕೊಂದರಂತೆ ಕೀವುಗುಳ್ಳೆ ಏಳುವ ಕಾಯಿಲೆಗೆ ಬಹುತೇಕ ಇದೇ ಕಾರಣ. ಮೂಗಿನ ಕೂದಲನ್ನು ಚಿಮಟದಿಂದ ಕೀಳಬಾರದು, ಹೊರಗೆ ಕಾಣುವಷ್ಟನ್ನು ಮಾತ್ರ ಕತ್ತರಿಸಬೇಕು ಎನ್ನುವುದೂ ಇದಕ್ಕಾಗಿಯೇ. ಮೂಗು ಮತ್ತು ಮೇಲ್ತುಟಿಯ ಭಾಗದ ರಕ್ತನಾಳಗಳಿಗೆ ಮಿದುಳಿನ ಬುಡದ ರಕ್ತನಾಳಗಳೊಡನೆ ಸಂಪರ್ಕವಿದೆ. ಅಲ್ಲಿನ ಕುರುವನ್ನು ಹಿಸುಕಿದರೆ, ಅಪರೂಪಕ್ಕಾದರೂ, ಸೋಂಕು ಒಳಗೆ ಸಾಗಿ ಪ್ರಾಣಾಪಾಯ ತರಬಲ್ಲದು.

ಒದ್ದೆ ಬ್ರಷ್ಷಿನ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ. ಆಹಾರ, ತೇವ, ಹದವಾದ ಶಾಖ ಸಿಕ್ಕರೆ ಒಂದು ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಸೀಳಿ ಎರಡಾಗಬಲ್ಲದು. ಬೆಳಿಗ್ಗೆ 7 ಗಂಟೆಗೆ ಒಂದೇ ಒಂದು ಇತ್ತು ಎನ್ನಿ. ಏಳೂವರೆಗೆ 2, ಎಂಟಕ್ಕೆ 4, ಎಂಟೂವರೆಗೆ 8. ಸಂಜೆ 5ರ ಹೊತ್ತಿಗೆ 20 ಸಲ ದ್ವಿಗುಣವಾಗಿ ಅವುಗಳ ಸಂಖ್ಯೆ 10,48,576! ವಾಸ್ತವದಲ್ಲಿ ಆಹಾರ ಮುಗಿಯುವುದರಿಂದ, ಅಲ್ಲಿನ ಪರಿಸ್ಥಿತಿ ಒಗ್ಗದಿರುವುದರಿಂದ ವೇಗ ಇಷ್ಟಿರುವುದಿಲ್ಲ. ಆದರೂ ದಿನವಿಡೀ ಒದ್ದೆಯಾಗಿಯೇ ಇರುವ ಬ್ರಷ್ಷು, ಒಬ್ಬರ ಮುಖ ಒರೆಸಿ ಇನ್ನೊಬ್ಬರ ಮುಖಕ್ಕೆ ಬರುವ ಹಸಿ ಟವೆಲು ಎಂಥ ಹೊಲವಾಗಬಲ್ಲವು ಎಂಬುದು ಇದರಿಂದ ಗೊತ್ತಾಗುತ್ತದೆ. ಟವೆಲನ್ನು ಬಿಸಿ ನೀರು, ಸೋಪಿನಲ್ಲಿ ಒಗೆದು ಬಿಸಿಲಿಗೆ ಹರವುವುದು ದೊಡ್ಡ ರಕ್ಷಣೆ. ಬಿಸಿಲಿನಲ್ಲಿ ಶಾಖವೂ ಉಂಟು, ಅತಿನೇರಳೆ ಕಿರಣವೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ ತೇವ ಆರುತ್ತದೆ.

ಹಾಗಾದರೆ ಒಣಗಿಸಿದರೆ ಸಾಕೆ? ಸಾಲದು. ಕೊಬ್ಬರಿಯ ಪಾಠದ ಉಳಿದರ್ಧ ಇರುವುದು ಇಲ್ಲಿಯೇ. ಒಣಗಿಸುವುದು ಸೂಕ್ಷ್ಮಜೀವಿಯ ಬೆಳವಣಿಗೆಯನ್ನು ತಡೆಯುತ್ತದೆ. ಎಲ್ಲವನ್ನೂ ಕೊಲ್ಲುವುದಿಲ್ಲ.

ಇದಕ್ಕೆ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರೂ ಸಾಮಾನ್ಯರೂ ಇದ್ದಕ್ಕಿದ್ದಂತೆ ಮುಖ, ಕುತ್ತಿಗೆಯ ಮೇಲೆ ಕಪ್ಪು ಹುಣ್ಣೆದ್ದು ಕಾಯಿಲೆ ಬಿದ್ದರು. ಕೆಲವರು ಸತ್ತರು. ಅದು ಆಂಥ್ರಾಕ್ಸ್, ರೈತರು ದನಗಳಲ್ಲಿ ನೆರಡಿ ರೋಗವೆಂದು ಗುರುತಿಸುವ ಕಾಯಿಲೆ. ಹುಡುಕುತ್ತ ಹೋದಾಗ ಸಿಕ್ಕಿದ್ದು ಕ್ಷೌರದ ಬ್ರಷ್ಷು. ಯುದ್ಧದಿಂದಾಗಿ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು ಸಿಗದೆ, ಏಷ್ಯಾದಿಂದ ತರಿಸಿದ ಕುದುರೆ ಕೂದಲಿನಲ್ಲಿ ಅಗ್ಗದ ಬ್ರಷ್ಷುಗಳನ್ನು ತಯಾರಿಸಿದ್ದರು. ಕೂದಲನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ಆಂಥ್ರಾಕ್ಸ್ ಬ್ಯಾಕ್ಟೀರಿಯ ಒಣ ವಾತಾವರಣದಲ್ಲಿ ಗಟ್ಟಿ ಕವಚ ತೊಟ್ಟು ಬೀಜಕದ ರೂಪದಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ಸಾಗರ ದಾಟಿ ಬಂದ ಒಣ ಕೂದಲು, ಬಿಸಿ ನೀರು, ನೊರೆ, ಹೊಸದಾಗಿ ಗೀರಿದ ಚರ್ಮ – ಅದಕ್ಕೆ ಇನ್ನೇನು ಬೇಕು?

ಹುಳುವಿಲ್ಲದ ಹುಳುಕಡ್ಡಿ

ಶಾಲಾ ಮಕ್ಕಳ ತಲೆ, ಕುತ್ತಿಗೆಯಲ್ಲಿ ಉಂಗುರದಂತೆ ಕೆಂಪಾಗಿ, ಅಂಚು ಉಬ್ಬಿ, ತುರಿಸುತ್ತ ಹರಡುವ ಹುಳುಕಡ್ಡಿಯನ್ನು ಕಾಣದವರಿಲ್ಲ. ಹೆಸರಿನಲ್ಲಿ ಹುಳು ಇದ್ದರೂ ಅದು ಹುಳುವಲ್ಲ, ಬ್ಯಾಕ್ಟೀರಿಯವೂ ಅಲ್ಲ. ಅದು ಶಿಲೀಂಧ್ರ, ಅಂದರೆ ಕೊಬ್ಬರಿ ಮೇಲಿನ ಬೂಷ್ಟಿನ ದೂರದ ಬಂಧು. ಚರ್ಮ ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಬಾಚಣಿಗೆ, ಟ್ರಿಮ್ಮರಿನ ಹಲ್ಲು, ಕೊರಳಿಗೆ ಸುತ್ತುವ ಬಟ್ಟೆ ಇವುಗಳಲ್ಲಿ ಸಿಕ್ಕಿಕೊಂಡ ತುಂಡು ಕೂದಲಿನೊಡನೆ ಅದರ ಬೀಜಕಗಳು ಒಂದು ತಲೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಒಣಗಿದ್ದರೂ ಬಹುದಿನ ಬದುಕಿರುತ್ತವೆ.

ಹುಳುಕಡ್ಡಿ ಕಂಡೊಡನೆ ಔಷಧದಂಗಡಿಯಲ್ಲಿ ಕೇಳಿ ಯಾವುದೋ ಮುಲಾಮು ತಂದು ಹಚ್ಚುವ ರೂಢಿ ಬಹಳವಿದೆ. ಅಂಥ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಎರಡು ದಿನದಲ್ಲಿ ಇಳಿಯುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಭಾರತದಲ್ಲಿ ಕೆಲವು ವರ್ಷಗಳಿಂದ ಸಾಮಾನ್ಯ ಔಷಧಿಗೆ ಬಗ್ಗದ ಹುಳುಕಡ್ಡಿ ವ್ಯಾಪಕವಾಗಿದೆ. ಅದಕ್ಕೆ ಕಾರಣವಾದ ಒಂದು ಶಿಲೀಂಧ್ರಕ್ಕೆ ವಿಜ್ಞಾನಿಗಳು 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯ ಸೇರಿಕೊಂಡಿರುವುದು ಹೆಮ್ಮೆಪಡುವ ಸಂಗತಿಯೇನಲ್ಲ. ಆದ್ದರಿಂದ ಮುಲಾಮಿಗೆ ಮೊದಲು ವೈದ್ಯರ ಸಲಹೆ ಅಗತ್ಯ.

ಕಾಣದ ರಕ್ತದ ಹನಿ

ಇನ್ನು ಅತ್ಯಂತ ಗಂಭೀರವಾದ ವಿಷಯ. ಕ್ಷೌರದಲ್ಲಿ ಆಗುವ ಗಾಯ ಹಲವು ಸಲ ಕಣ್ಣಿಗೆ ಕಾಣುವುದೇ ಇಲ್ಲ. ಅಂಚಿಗೆ ತಗಲಿದ ರಕ್ತ ಒಂದು ಹನಿಯ ನೂರನೆಯ ಒಂದು ಭಾಗವಿದ್ದರೂ ಅದರಲ್ಲಿ ಹೆಪಟೈಟಿಸ್ ಬಿ ವೈರಸ್ ಇರಬಹುದು. ಈ ವೈರಸ್ ಯಕೃತ್ತಿಗೆ, ಎಂದರೆ ಲಿವರಿಗೆ, ಅಂಟುತ್ತದೆ. ಎಲ್ಲರಿಗೂ ಕಾಮಾಲೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಕೆಲವರಲ್ಲಿ ಸದ್ದಿಲ್ಲದೆ ಹತ್ತಿಪ್ಪತ್ತು ವರ್ಷ ಕುಳಿತು ಕೊನೆಗೆ ಯಕೃತ್ತು ಗಂಟುಗಟ್ಟುವಂತೆ, ಕ್ಯಾನ್ಸರ್ ಆಗುವಂತೆ ಮಾಡುತ್ತದೆ. ಹೊರಗೆ ಒಣಗಿದ ರಕ್ತದ ಕಲೆಯಲ್ಲಿ ಇದು ಕನಿಷ್ಠ ಏಳು ದಿನ ಸೋಂಕು ತರುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಎಚ್‌ಐವಿಗೆ ಹೆದರುವಷ್ಟು ಜನ ಇದಕ್ಕೆ ಹೆದರುವುದಿಲ್ಲ. ಆದರೆ ರಕ್ತದ ಮೂಲಕ ಹರಡುವುದರಲ್ಲಿ ಎಚ್‌ಐವಿಗಿಂತ ಇದೇ ಬಹುಪಾಲು ಚುರುಕು.

ಅರ್ಧ ಬ್ಲೇಡಿನ ಮಹತ್ವ ಇರುವುದು ಇಲ್ಲಿ. ಹಿಂದೆ ಕ್ಷೌರಿಕರ ಪೆಟ್ಟಿಗೆಯಲ್ಲಿ ಒಂದೇ ಕತ್ತಿ. ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ಉಜ್ಜಿ, ಇಡೀ ಊರಿಗೆ ಅದನ್ನೇ ಬಳಸುತ್ತಿದ್ದರು. ಉಜ್ಜಿದರೆ ಅಂಚು ಹರಿತವಾಗುತ್ತದೆ, ಶುದ್ಧವಾಗುವುದಿಲ್ಲ. ಈಗ ಹಿಡಿಯೊಳಗೆ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸ ಮುಗಿದೊಡನೆ ತೆಗೆದು ಎಸೆಯಬಹುದು. ಒಂದು ಬ್ಲೇಡಿನ ಬೆಲೆ ಕೆಲವೇ ರೂಪಾಯಿ. ಅದರ ಅರ್ಧಕ್ಕೆ ಇನ್ನೂ ಕಡಿಮೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ದಿನಕ್ಕೆ ಸಾವಿರಾರು ಜನ ಮುಡಿ ಕೊಡುತ್ತಾರೆ. ಅಲ್ಲಿ ಭಕ್ತರ ಕೈಗೇ ಬ್ಲೇಡು ಕೊಡುವ ಪದ್ಧತಿಯ ಹಿಂದಿರುವ ತರ್ಕವೂ ಇದೇ. ಮನೆದೇವರ ಸನ್ನಿಧಿಯಲ್ಲಿ ಮಗುವಿಗೆ ಜವಳ ತೆಗೆಸುವಾಗಲೂ ಹೊಸ ಬ್ಲೇಡು ಕಣ್ಣೆದುರೇ ಬಿಚ್ಚುವುದನ್ನು ಪಾಲಕರು ನೋಡಬೇಕು. ಮಗುವಿನ ಚರ್ಮ ಎಳೆಯದು, ಅದು ಅಲುಗಾಡುವುದೂ ಹೆಚ್ಚು.

ಗೀರಿದ ಜಾಗಕ್ಕೆ ಉಜ್ಜುವ ಪಟಿಕದ ಕಲ್ಲಿನ ಬಗ್ಗೆಯೂ ಹೇಳಬೇಕು. ಪಟಿಕವೆಂದರೆ ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂಗಳ ಸಲ್ಫೇಟ್ ಲವಣ. ಅದು ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ, ಚರ್ಮವನ್ನು ಬಿಗಿಗೊಳಿಸಿ, ರಕ್ತವನ್ನು ನಿಲ್ಲಿಸುತ್ತದೆ. ಅದರ ಗುಣದಲ್ಲಿ ದೋಷವಿಲ್ಲ. ಎಲ್ಲರ ಗಾಯಕ್ಕೂ ಅದೇ ಕಲ್ಲನ್ನು ಉಜ್ಜುವುದು ದೋಷ. ಪಟಿಕದ ಪುಡಿಯನ್ನು ಚಿಟಿಕೆಯಷ್ಟು ಹತ್ತಿಯ ಮೇಲೆ ಹಾಕಿ ಒತ್ತಿ, ಆ ಹತ್ತಿಯನ್ನು ಎಸೆದರೆ ಗುಣವೂ ಸಿಕ್ಕಿತು, ಅಪಾಯವೂ ತಪ್ಪಿತು.

ತೊಳೆದು, ಆಮೇಲೆ ಕೊಲ್ಲು

ಕತ್ತರಿ, ಬಾಚಣಿಗೆ, ಟ್ರಿಮ್ಮರುಗಳನ್ನು ಪ್ರತಿ ಗಿರಾಕಿಗೂ ಹೊಸದಾಗಿ ಕೊಳ್ಳಲಾಗದು. ಅವನ್ನು ಶುದ್ಧಿ ಮಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಕೂದಲು, ಎಣ್ಣೆ, ಕೊಳೆಯನ್ನು ತೊಳೆಯಬೇಕು ಅಥವಾ ಬ್ರಷ್ಷಿನಿಂದ ತೆಗೆಯಬೇಕು. ಆಮೇಲೆ ರೋಗಾಣುನಾಶಕ ಬಳಸಬೇಕು. ಕೊಳೆಯ ಪದರ ಇದ್ದರೆ ಔಷಧವೆಲ್ಲ ಕೊಳೆಯೊಡನೆಯೇ ಸೆಣಸಿ ಸುಸ್ತಾಗುತ್ತದೆ.

ಲೋಹದ ಸಾಮಾನಿಗೆ ಹಳೆಯ ಉಪಾಯವೇ ಒಳ್ಳೆಯದು: ಕುದಿ ಬಂದ ಮೇಲೆ 20 ನಿಮಿಷ ಕುದಿಸುವುದು. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಸಾಮಾನ್ಯ ಬ್ಯಾಕ್ಟೀರಿಯ, ವೈರಸ್‌ಗಳಿಗೆ ಅಷ್ಟು ಸಾಕು. ಅಂಗಡಿಯಲ್ಲಿ ಜನ ಕಾದಿರುವಾಗ ಕುದಿಸಲು ಪುರಸೊತ್ತಿಲ್ಲದಿದ್ದರೆ ಎರಡು ಜೊತೆ ಸಾಮಾನಿಟ್ಟುಕೊಂಡು ಒಂದನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಹತ್ತು ನಿಮಿಷ ಮುಳುಗಿಸಿಡಬಹುದು. ನೂರಕ್ಕೆ ನೂರು ಆಲ್ಕೋಹಾಲು ಇನ್ನೂ ಒಳ್ಳೆಯದಲ್ಲವೆ? ಅಲ್ಲ. ಪ್ರೋಟೀನು ಕೆಡಬೇಕಾದರೆ ನೀರು ಬೇಕು. ಶುದ್ಧ ಆಲ್ಕೋಹಾಲು ರೋಗಾಣುವಿನ ಹೊರಮೈಯನ್ನು ಹೆಪ್ಪುಗಟ್ಟಿಸಿ, ಒಳಗಿಳಿಯುವ ಮೊದಲೇ ಆರಿಹೋಗುತ್ತದೆ. ಅದರ ಹತ್ತಿರ ಬೆಂಕಿಕಡ್ಡಿ ಗೀರಬಾರದು ಎಂಬುದನ್ನು ಮರೆಯುವಂತಿಲ್ಲ.

ರಕ್ತ ಬಿದ್ದ ನೆಲ, ಪ್ಲಾಸ್ಟಿಕ್ ಸಾಮಾನುಗಳಿಗೆ ಬ್ಲೀಚ್ ದ್ರಾವಣ ಆದೀತು. ಶೇಕಡಾ 5ರ ದ್ರಾವಣ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ಬಿಡಬೇಕು. ಅದನ್ನು ದಿನವೂ ಹೊಸದಾಗಿ ಬೆರೆಸಬೇಕು. ಕತ್ತರಿಗೆ ಹಾಕಿದರೆ ತುಕ್ಕು ಹಿಡಿಯುತ್ತದೆ. ಶೌಚಾಲಯ ತೊಳೆಯುವ ಆಮ್ಲದೊಡನೆ ಬೆರೆಸಿದರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ.

ಎರಡು ತಪ್ಪು ನಂಬಿಕೆಗಳನ್ನೂ ಬಿಡಬೇಕು. ಬೆಳಿಗ್ಗೆ ಬಟ್ಟಲು ನೀರಿಗೆ ನಾಲ್ಕು ಹನಿ ಡೆಟಾಲ್ ಬಿಟ್ಟು ಸಂಜೆಯವರೆಗೆ ಅದರಲ್ಲೇ ಕತ್ತಿ ಅದ್ದಿದರೆ ವಾಸನೆ ಉಳಿದೀತು, ಶಕ್ತಿ ಉಳಿಯದು. ನೀರು ಹಾಲಿನಂತೆ ಬೆಳ್ಳಗಾಗುವುದು ಎಣ್ಣೆಯಂಶ ಸಣ್ಣ ಹನಿಗಳಾಗಿ ಚದುರುವುದರಿಂದ. ಅದು ರೋಗಾಣು ಸತ್ತ ಗುರುತಲ್ಲ. ಹಾಗೆಯೇ ಕೆಲವು ಸಲೂನುಗಳಲ್ಲಿ ನೀಲಿ ಬೆಳಕಿನ ಪೆಟ್ಟಿಗೆ ಇರುತ್ತದೆ. ಅತಿನೇರಳೆ ಕಿರಣ ನೇರ ಬಿದ್ದ ಮೇಲ್ಮೈಯನ್ನಷ್ಟೇ ಶುದ್ಧಗೊಳಿಸುತ್ತದೆ. ಬಾಚಣಿಗೆಯ ಹಲ್ಲಿನ ಸಂದಿಗೆ, ಎಣ್ಣೆ ಜಿಡ್ಡಿನ ಕೆಳಕ್ಕೆ ಅದು ತಲುಪದು.

ಎಣ್ಣೆಯ ಮಾತು ಬಂದಾಗ ತೆಂಗಿನ ಸೀಮೆಯವರು ಕೇಳಬಹುದು, ಕೊಬ್ಬರಿ ಎಣ್ಣೆಗೇ ರೋಗಾಣು ಕೊಲ್ಲುವ ಗುಣವಿದೆಯಲ್ಲ ಎಂದು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವಿರುವುದು ನಿಜ. ಆ ಆಮ್ಲ ಮತ್ತು ಅದರ ಸಂಯುಕ್ತಗಳು ಪ್ರಯೋಗಶಾಲೆಯಲ್ಲಿ ಕೆಲವು ಬ್ಯಾಕ್ಟೀರಿಯಗಳನ್ನು ತಡೆದದ್ದೂ ನಿಜ. ಆದರೆ ಎಣ್ಣೆ ಸವರಿದ ಕತ್ತರಿ ಶುದ್ಧವಾಗುವುದಿಲ್ಲ. ಕೊಬ್ಬರಿ ಎಣ್ಣೆ ನಿಜವಾದ ರೋಗಾಣು ವೈರಿಯಾಗುವುದು ಕ್ಷಾರದೊಡನೆ ಸೇರಿ ಸೋಪಾದಾಗ. ಕೊಳವೆಬಾವಿಯ ಗಡಸು ನೀರಿನಲ್ಲೂ ಅದು ಬೇರೆ ಎಣ್ಣೆಗಳ ಸೋಪಿಗಿಂತ ಚೆನ್ನಾಗಿ ನೊರೆ ಕೊಡುತ್ತದೆ. ಒಬ್ಬ ಗಿರಾಕಿಗೂ ಇನ್ನೊಬ್ಬರಿಗೂ ನಡುವೆ 20 ಸೆಕೆಂಡು ಕೈತೊಳೆಯುವುದಕ್ಕೆ ಸಮನಾದ ರಕ್ಷಣೆ ಬಹಳ ಕಡಿಮೆ.

ಮೈಲಿಗೆ ಯಾರದು?

ಇಷ್ಟು ಹೊತ್ತು ಗಿರಾಕಿಯ ರಕ್ಷಣೆಯ ಮಾತಾಯಿತು. ಆದರೆ ಅಂಗಡಿಯಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವವರು ಕ್ಷೌರಿಕರೇ. ಗಿರಾಕಿಗೆ ತಿಂಗಳಿಗೊಂದು ಭೇಟಿ. ಅವರಿಗೆ ದಿನಕ್ಕೆ ಹತ್ತಾರು ತಲೆ. ಬ್ಲೇಡು ಮುರಿಯುವಾಗ ಬೆರಳು ಕೊಯ್ಯುತ್ತದೆ. ಸದಾ ಒದ್ದೆಯಾದ ಕೈ ಬಿರಿಯುತ್ತದೆ. ತಲೆಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವ ರಾಸಾಯನಿಕಕ್ಕೆ ಚರ್ಮ ಕೆರಳುತ್ತದೆ. ಕತ್ತರಿಸಿದ ಚೂಪು ಕೂದಲು ಬೆರಳ ಸಂದಿಯ ಮೆತ್ತನೆ ಚರ್ಮದೊಳಗೆ ನೆಟ್ಟು, ಅಲ್ಲೊಂದು ಸುರಂಗ ಕೊರೆದು, ಕೀವು ತುಂಬುವ ಕಾಯಿಲೆಯೂ ಉಂಟು. ಅದು ಕ್ಷೌರಿಕರ ವೃತ್ತಿರೋಗವೆಂದೇ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಇಂದಿನ ಮಕ್ಕಳಿಗೆ ಹುಟ್ಟಿದ 24 ಗಂಟೆಯೊಳಗೆ, ಮತ್ತೆ 6, 10, 14ನೇ ವಾರಗಳಲ್ಲಿ ಅದು ಸಿಗುತ್ತದೆ. ಆ ಕಾರ್ಯಕ್ರಮ ಬರುವ ಮೊದಲು ಹುಟ್ಟಿದ ಕ್ಷೌರಿಕರು ವೈದ್ಯರನ್ನು ಕಂಡು ಆರು ತಿಂಗಳ ಅವಧಿಯಲ್ಲಿ ಮೂರು ಸಲ ಹಾಕಿಸಿಕೊಳ್ಳುವುದು ಕ್ಷೇಮ.

ಕ್ಷೌರ ಮಾಡಿಸಿಕೊಂಡು ಬಂದವರು ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುವುದು ಹಳೆಯ ಪದ್ಧತಿ. ಸ್ನಾನ ಒಳ್ಳೆಯದೇ. ತುಂಡು ಕೂದಲು, ಉದುರಿದ ಚರ್ಮ ಹೋಗುತ್ತದೆ. ಆದರೆ ಅದಕ್ಕೆ ಮೈಲಿಗೆಯೆಂದು ಹೆಸರಿಟ್ಟು, ಕೆಲಸ ಮಾಡಿದವರನ್ನೇ ಕೀಳೆಂದು ಕಾಣುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಅಂಗಡಿಯ ರೋಗಾಣುಗಳೆಲ್ಲ ಗಿರಾಕಿಗಳೇ ತಂದು ಬಿಟ್ಟುಹೋದವು. ಈ ವೃತ್ತಿಯ ಹೆಸರನ್ನು ಮಕ್ಕಳು ಬೈಗುಳವಾಗಿ ಬಳಸಿದರೆ ಮನೆಯಲ್ಲಿ ತಿದ್ದಬೇಕು. ದಲಿತರಿಗೆ ಕ್ಷೌರ ನಿರಾಕರಿಸಿದ ಪ್ರಕರಣಗಳು ರಾಜ್ಯದಲ್ಲಿ ಈಚಿನ ವರ್ಷಗಳಲ್ಲೂ ವರದಿಯಾಗಿವೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಸ್ಟಾಫಿಲೊಕಾಕಸ್ ಯಾರ ಮೂಗಿನಲ್ಲಿದೆ ಎಂಬುದು ಜಾತಿಯಿಂದ ತೀರ್ಮಾನವಾಗುವುದಿಲ್ಲ. ಹೊಸ ಬ್ಲೇಡು ಎಲ್ಲರಿಗೂ ಬೇಕು.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್ ಬಂದಾಗ ಅಂಗಡಿಗಳು ಎರಡು ತಿಂಗಳ ಹತ್ತಿರ ಮುಚ್ಚಿದ್ದವು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಅಂಗಡಿಗಳು ಮತ್ತೆ ತೆರೆದಾಗ ಮಾಸ್ಕು, ಸ್ಯಾನಿಟೈಸರು, ಒಮ್ಮೆ ಬಳಸಿ ಬಿಸಾಡುವ ಹೊದಿಕೆ ಎಲ್ಲ ಬಂದವು. ಆ ಶಿಸ್ತು ಅಂಗಡಿಯಲ್ಲಿ ಉಳಿಯುವುದೋ ಇಲ್ಲವೋ ಎಂಬುದು ಅರ್ಧ ಗಿರಾಕಿಯ ಕೈಯಲ್ಲಿದೆ. ಐದು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡುವವರು, ಹೊಸ ಬ್ಲೇಡು ಹಾಕಿ ಎಂದು ಮಾತ್ರ ಗದರುವುದು ನ್ಯಾಯವಲ್ಲ.

ಪಾಲಕರ ಗಮನಕ್ಕೆ: ಮಗುವಿನ ತಲೆಯಲ್ಲಿ ಹುಳುಕಡ್ಡಿ, ಕಜ್ಜಿ, ಹೇನು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಕ್ಷೌರ, ಇಲ್ಲವೇ ಅಂಗಡಿಯವರಿಗೆ ಮೊದಲೇ ತಿಳಿಸಿ. ಧನುರ್ವಾಯು ತಡೆಯುವ ಟಿಡಿ ಲಸಿಕೆಯನ್ನು 10 ಮತ್ತು 16ನೇ ವಯಸ್ಸಿನಲ್ಲಿ ತಪ್ಪದೆ ಹಾಕಿಸಿ. ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಎಸೆಯದೆ ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಕೂಡಿಡಿ. ಪೌರಕಾರ್ಮಿಕರ ಕೈಯೂ ಚರ್ಮದ್ದೇ.

ಮಾಡಿ ನೋಡಿ: ಒಂದೇ ಕೊಬ್ಬರಿಯಿಂದ ಎರಡು ಚೂರು ತೆಗೆದುಕೊಳ್ಳಿ. ಒಂದನ್ನು ಒಣಗಿದ್ದಂತೆಯೇ, ಇನ್ನೊಂದನ್ನು ನೀರಿನಲ್ಲಿ ಅದ್ದಿ, ಬೇರೆ ಬೇರೆ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ನೆರಳಿನಲ್ಲಿಟ್ಟು ಒಂದು ವಾರ ದಿನವೂ ನೋಡಿ, ಕಂಡದ್ದನ್ನು ಬರೆದಿಡಿ. ಚೀಲಗಳನ್ನು ಬಿಚ್ಚಬೇಡಿ, ಕಟ್ಟಿದಂತೆಯೇ ಎಸೆಯಿರಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮುಂದಿನ ಸಲ ಕ್ಷೌರಕ್ಕೆ ಹೋದಾಗ ಅಂಗಡಿಯ ಬ್ರಷ್ಷು, ಟವೆಲುಗಳಲ್ಲಿ ಯಾವುದು ಒಣ ಚೀಲದ ಗುಂಪಿಗೆ, ಯಾವುದು ಒದ್ದೆ ಚೀಲದ ಗುಂಪಿಗೆ ಸೇರುತ್ತದೆಂದು ನೀವೇ ಗುರುತಿಸಿ.